ಹಿತ್ತಲಿನಲ್ಲಿ ಸಾವಿರ ವರ್ಷದ ಸಮಾಧಿ ದಿಬ್ಬಗಳಿವೆ, ಆ ಮನೆ ತಗೊಳ್ಳಬಹುದಾ?

ಓದುಗರ ಪ್ರಶ್ನೆ:

‘ಮೇಡಂ, ನಮಸ್ಕಾರ. ನಾವು ಗಂಗಾವತಿ ಕಡೆಯವರು. ಆರು ವರ್ಷದಿಂದ ಸ್ವೀಡನ್ನಿನ ವೆಸ್ಟೆರೋಸ್‌ನಲ್ಲಿದ್ದೇವೆ. ಊರ ಹೊರಗೆ ಒಂದು ಹಳೆಯ ಮರದ ಮನೆ ಮಾರಾಟಕ್ಕಿದೆ. ನಮಗೆ ತುಂಬಾ ಇಷ್ಟವಾಗಿದೆ, ಬೆಲೆಯೂ ಕೈಗೆಟುಕುವಂತಿದೆ. ಆದರೆ ಹಿತ್ತಲಿನ ಕೊನೆಗೆ ಸಣ್ಣ ಗುಡ್ಡ ಇದೆ. ಅದರ ಮೇಲೆ ಹುಲ್ಲು ಬೆಳೆದ ಹನ್ನೆರಡು ದಿಬ್ಬಗಳು, ನೆಟ್ಟ ಎರಡು ಉದ್ದ ಕಲ್ಲುಗಳು. ವೈಕಿಂಗರ ಸಮಾಧಿ ಅಂತ ದಲ್ಲಾಳಿ ಹೇಳಿದರು. ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದೇ ತಪ್ಪಾಯಿತು. “ಸುಡುಗಾಡಿನ ಮಗ್ಗಲಾಗ ಮನಿ ತಗೋತೀಯೇನವಾ?” ಅಂತ ಅವ್ವ ಅಳುವುದಕ್ಕೇ ಶುರು ಮಾಡಿದರು. ಇಲ್ಲಿನ ಗೆಳೆಯರೊಬ್ಬರು, ಅಲ್ಲಿ ಒಂದು ಮೊಳೆ ಹೊಡೆಯಲೂ ಬಿಡಲ್ಲ, ಸರ್ಕಾರ ಜಾಗವನ್ನೇ ತಗೊಂಡುಬಿಡುತ್ತೆ ಅಂತ ಹೆದರಿಸುತ್ತಿದ್ದಾರೆ. ಸೆಪ್ಟಿಕ್ ಟ್ಯಾಂಕ್ ಹಳೆಯದು, ಬದಲಿಸಬೇಕು. ಅಡುಗೆಮನೆಯನ್ನು ಹಿಂದಕ್ಕೆ ಸ್ವಲ್ಪ ಬೆಳೆಸಬೇಕು ಅಂತಲೂ ಇದೆ. ಹತ್ತು ವರ್ಷದ ಮಗ ಚಿನ್ನ ಹುಡುಕಲು ಮೆಟಲ್ ಡಿಟೆಕ್ಟರ್ ಬೇಕು ಅಂತಾನೆ. ನಮ್ಮ ಹಿರೇಬೆಣಕಲ್‌ನ ಮೋರೇರ ಬೆಟ್ಟದಲ್ಲಿರುವ ಕಲ್ಲುಮನೆಗಳಿಗೂ, ಅಂದರೆ ಪುರಾತನ ಕಲ್ಲುಸಮಾಧಿಗಳಿಗೂ, ಇವಕ್ಕೂ ಸಂಬಂಧ ಏನಾದರೂ ಇದೆಯಾ? ಏನು ಮಾಡಲಿ?’

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ಅಲ್ಲಿ ಮಲಗಿರುವವರ ಬಗ್ಗೆ ಅವ್ವನ ಭಯ, ಕಾನೂನಿನ ಬಗ್ಗೆ ಗೆಳೆಯರ ಭಯ, ಸೆಪ್ಟಿಕ್ ಟ್ಯಾಂಕಿನ ಬಗ್ಗೆ ನಿಮ್ಮದೇ ಭಯ. ಮೊದಲಿನ ಎರಡನ್ನು ಸಮಾಧಾನವಾಗಿ ಬಿಡಿಸಬಹುದು. ದುಡ್ಡಿನ ತೊಂದರೆ ಇರುವುದು ಮೂರನೆಯದರಲ್ಲಿ. ನಾನು ನಮ್ಮ ಕಡೆಯ ಕಲ್ಲುಸಮಾಧಿಗಳ ಕೆಲಸ ಕಲಿತು, ಆಮೇಲೆ ನಿಮ್ಮ ಊರಿನ ಪಕ್ಕದ ಮೆಲಾರೆನ್ ಸರೋವರದ ಸುತ್ತ ಹಲವು ಬೇಸಿಗೆ ಉತ್ಖನನ ಮಾಡಿದವಳು. ಇಂಥ ಹಿತ್ತಲುಗಳನ್ನು ಬಹಳ ನೋಡಿದ್ದೇನೆ.

ಅವ್ವನಿಂದಲೇ ಶುರು ಮಾಡೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹೌದು, ಅದು ಸಮಾಧಿ ಜಾಗ. ಸುಟ್ಟದ್ದೂ ನಿಜ. ಆ ಕಾಲದಲ್ಲಿ ಮೆಲಾರೆನ್ ಸುತ್ತ ಸತ್ತವರನ್ನು ಹೆಚ್ಚಾಗಿ ಸುಡುತ್ತಿದ್ದರು, ಆಮೇಲೆ ಮೂಳೆ ಬೂದಿಯ ಮೇಲೆ ಕಲ್ಲು ಪೇರಿಸಿ ಮಣ್ಣು ಹಾಕುತ್ತಿದ್ದರು. ಆದರೆ ಊರಾಚೆ, ಯಾರೂ ಹೋಗದ ಸುಡುಗಾಡು ಅಲ್ಲ ಅದು. ಮನೆಗೆ ಅಂಟಿಕೊಂಡೇ ಇದ್ದ ಮನೆತನದ ಜಾಗ. ಆಗ ಒಂದೊಂದು ಒಕ್ಕಲು ಮನೆಗೂ ತನ್ನದೇ ಸಮಾಧಿ ಗುಡ್ಡ ಇರುತ್ತಿತ್ತು. ಅಜ್ಜನ ದಿಬ್ಬದ ಪಕ್ಕ ಮಗನದ್ದು, ಅದರ ಪಕ್ಕ ಮೊಮ್ಮಗಳದ್ದು, ಹೀಗೆ ನೂರಾರು ವರ್ಷ. ಅದಕ್ಕೇ ಸ್ವೀಡನ್ನಿನ ಆ ಭಾಗದಲ್ಲಿ ಹಳೆಯ ಮನೆ ಎಲ್ಲಿದೆಯೋ ಅಲ್ಲೇ ಹತ್ತಿರದಲ್ಲಿ ದಿಬ್ಬಗಳೂ ಸಿಗುತ್ತವೆ.

ಗುಡ್ಡದ ಮೇಲೇ ಯಾಕೆ ಅಂದರೆ, ನೆಲ ಹಾಗಿದೆ. ವೈಕಿಂಗರ ಕಾಲದಲ್ಲಿ ಮೆಲಾರೆನ್ ಸರೋವರ ಆಗಿರಲಿಲ್ಲ, ಸಮುದ್ರದ ಕೊಲ್ಲಿಯಾಗಿತ್ತು. ನೀರು ಇವತ್ತಿಗಿಂತ ಸುಮಾರು 5 ಮೀಟರ್ ಮೇಲಿತ್ತು. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಆ ನೆಲ ಈಗಲೂ ನಿಧಾನವಾಗಿ ಮೇಲೇಳುತ್ತಿದೆ. ತಗ್ಗಿನ ಜೇಡಿಮಣ್ಣು ಬೇಸಾಯಕ್ಕೆ, ಹುಲ್ಲುಗಾವಲಿಗೆ ಬೇಕು. ಕಲ್ಲು, ಜಲ್ಲಿ ತುಂಬಿದ ಗುಡ್ಡದಲ್ಲಿ ಏನೂ ಬೆಳೆಯದು. ಅದನ್ನು ಹಿರಿಯರಿಗೆ ಬಿಟ್ಟರು. ಗದ್ದೆಯಲ್ಲಿ ಕೆಲಸ ಮಾಡುವವರಿಗೂ ದೋಣಿಯಲ್ಲಿ ಬರುವವರಿಗೂ ಆ ದಿಬ್ಬಗಳು ಕಾಣಬೇಕು. ಈ ನೆಲ ಯಾರದ್ದು ಅಂತ ಹೇಳುವ ಗುರುತು ಅವೇ.

ಇನ್ನೊಂದು ಮಾತನ್ನು ಅವ್ವನಿಗೆ ತಪ್ಪದೇ ಹೇಳಿ. ಸ್ವೀಡನ್, ನಾರ್ವೆಯ ಹಳ್ಳಿಗಳಲ್ಲಿ ಟೊಮ್ಟೆ (ನಾರ್ವೆಯಲ್ಲಿ ನಿಸ್ಸೆ) ಅಂತ ಮನೆ ಕಾಯುವ ಒಬ್ಬ ಪುಟ್ಟ ಮುದುಕನ ನಂಬಿಕೆ ಇದೆ. ಆ ಒಕ್ಕಲಿನ ಕಾಡು ಕಡಿದು ಮೊದಲು ನೆಲೆ ನಿಂತ ಹಿರಿಯನೇ ಅವನು, ದಿಬ್ಬದಲ್ಲಿ ಇರುತ್ತಾನೆ ಅಂತ ಎಷ್ಟೋ ಕಡೆ ಹೇಳುತ್ತಿದ್ದರು. ದನಕರು ನೋಡಿಕೊಳ್ಳುತ್ತಾನೆ, ಬೆಂಕಿ ಬಿದ್ದರೆ ಎಬ್ಬಿಸುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವನಿಗೆ ಗಂಜಿ ಮಾಡಿ, ಮೇಲೆ ಬೆಣ್ಣೆ ಹಾಕಿ, ಹೊರಗೆ ಇಡುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಅವ್ವನಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ, ಅಲ್ವಾ? ಸಾವಿರ ವರ್ಷ ಅಲ್ಲಿನವರು ಆ ದಿಬ್ಬಗಳ ಪಕ್ಕದಲ್ಲೇ ಮಕ್ಕಳನ್ನು ಸಾಕಿದ್ದಾರೆ, ಬೆಳೆ ತೆಗೆದಿದ್ದಾರೆ, ಬಾವಿ ನೀರು ಕುಡಿದಿದ್ದಾರೆ. ನೀರಿಗಾಗಲಿ ಆರೋಗ್ಯಕ್ಕಾಗಲಿ ಅವುಗಳಿಂದ ತೊಂದರೆ ಇಲ್ಲ. ಸುಟ್ಟ ಮೂಳೆ ಅಂದರೆ ಸುಣ್ಣದ ಚೂರಿದ್ದ ಹಾಗೆ.

ದಲ್ಲಾಳಿ ‘ವೈಕಿಂಗರ ಸಮಾಧಿ’ ಅಂದರಲ್ಲ, ಅದನ್ನೂ ಸ್ವಲ್ಪ ತಿದ್ದಬೇಕು. ವೈಕಿಂಗ್ ಕಾಲ ಅಂದರೆ ಸುಮಾರು ಕ್ರಿ.ಶ. 800ರಿಂದ 1050. ಇಂಥ ಗುಡ್ಡಗಳ ಎಷ್ಟೋ ದಿಬ್ಬಗಳು ಅದಕ್ಕಿಂತ ಎರಡು ಮೂರು ಶತಮಾನ ಹಳೆಯವು. ನಿಲುಗಲ್ಲುಗಳು ಇನ್ನೂ ಹಿಂದಿನವಾಗಿರಬಹುದು. ಡೆನ್ಮಾರ್ಕಿನ ಆಲ್ಬೋರ್ ಎದುರಿನ ಲಿಂಡ್‌ಹೋಮ್ ಹೋಯ್ ಅನ್ನುವ ಗುಡ್ಡದಲ್ಲಿ ಸುಮಾರು 700 ಸಮಾಧಿಗಳಿವೆ. ಕ್ರಿ.ಶ. 400ರ ಹೊತ್ತಿಗೆ ಶುರುವಾಗಿ ವೈಕಿಂಗ್ ಕಾಲ ಮುಗಿಯುವವರೆಗೂ ಅಲ್ಲೇ ಇಡುತ್ತಾ ಬಂದರು. ಆಮೇಲೆ ಗಾಳಿಗೆ ಬಂದ ಮರಳು ಎಲ್ಲವನ್ನೂ ಮುಚ್ಚಿತು. ಆ ಮರಳಿನಿಂದಲೇ ಅವು ಉಳಿದವು. 1952ರಲ್ಲಿ ದೊಡ್ಡ ಉತ್ಖನನ ಶುರುವಾದಾಗ ದೋಣಿ ಆಕಾರದಲ್ಲಿ, ತ್ರಿಕೋನದಲ್ಲಿ, ವೃತ್ತದಲ್ಲಿ ಜೋಡಿಸಿದ ಕಲ್ಲುಗಳು ಒಂದೊಂದಾಗಿ ಎದ್ದು ಬಂದವು. ಇನ್ನೊಂದು ವಿಷಯ, ವೈಕಿಂಗ್ ಅನ್ನುವುದು ಒಂದು ಜಾತಿಯೋ ಜನಾಂಗವೋ ಅಲ್ಲ. ಸಮುದ್ರದ ಮೇಲೆ ಹೋಗಿ ಲೂಟಿಯೋ ವ್ಯಾಪಾರವೋ ಮಾಡಿದವರ ಹೆಸರು. ನಿಮ್ಮ ಹಿತ್ತಲಿನಲ್ಲಿ ಇರುವವರು ಬಹುಪಾಲು ರೈತರು. ಕುರಿ ಸಾಕಿದವರು, ಬಾರ್ಲಿ ಬೆಳೆದವರು.

ಇನ್ನು ಮಗನ ಚಿನ್ನ. ಮೊದಲು ದಿಬ್ಬದೊಳಗೆ ಏನಿರುತ್ತದೆ ಅಂತ ಹೇಳಿಬಿಡುತ್ತೇನೆ, ಅದೇ ಅವನಿಗೆ ಚಿನ್ನಕ್ಕಿಂತ ಹಿಡಿಸಬಹುದು. ಹುಲ್ಲಿನ ಪದರ ಕೈಯಿಂದ ತೆಗೆದರೆ ಕೆಳಗೆ ಒತ್ತೊತ್ತಾಗಿ ಜೋಡಿಸಿದ ಕಲ್ಲುಗಳು. ಅವುಗಳನ್ನು ಒಂದೊಂದಾಗಿ ಗುರುತು ಹಾಕಿ ತೆಗೆದರೆ ನಡುವೆ ಮಸಿಯ ಪದರ. ನಾಲ್ಕೈದು ಬೆರಳು ದಪ್ಪ, ಜಿಡ್ಡು ಜಿಡ್ಡು, ಕೈಗೆ ಅಂಟಿದರೆ ಬೇಗ ಹೋಗುವುದಿಲ್ಲ. ಚಿತೆಯ ಬೂದಿ ಅದು. ಅದರಲ್ಲಿ ಬಿಳಿ ಮೂಳೆಯ ಚೂರುಗಳು, ಕಬ್ಬಿಣದ ಮೊಳೆಗಳು, ಜಿಂಕೆಯ ಕೊಂಬಿನಿಂದ ಮಾಡಿದ ಬಾಚಣಿಗೆಯ ತುಂಡು. ಮನುಷ್ಯರ ಮೂಳೆಯ ಜೊತೆ ನಾಯಿಯದ್ದು, ಕುರಿಯದ್ದು, ಕೆಲವೊಮ್ಮೆ ಕುದುರೆಯದ್ದು. ನಾನು ತೆಗೆದ ಒಂದು ದಿಬ್ಬದಲ್ಲಿ ಮೂರು ಗಾಜಿನ ಮಣಿಗಳು ಬೆಂಕಿಗೆ ಕರಗಿ ಒಂದಾಗಿದ್ದವು. ಎರಡು ನೀಲಿ, ಒಂದು ಹಳದಿ, ಕಡಲೆಕಾಯಿ ಬೀಜದಷ್ಟು ದೊಡ್ಡದು. ಯಾರದ್ದೋ ಕೊರಳಿನಲ್ಲಿದ್ದ ಸರ ಅದು. ಅವತ್ತು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೆಲವು ಕಡೆ ಮೂಳೆ ತುಂಬಿದ ಮಡಕೆಯ ಮೇಲೆ ಕಬ್ಬಿಣದ ಬಳೆ, ಅದರಲ್ಲಿ ಪೋಣಿಸಿದ ಥೋರ್ ದೇವರ ಪುಟ್ಟ ಸುತ್ತಿಗೆಗಳು ಸಿಗುತ್ತವೆ.

ಚಿನ್ನ? ಸ್ವೀಡನ್ನಿನ ಅತಿ ಹೆಸರುವಾಸಿ ದಿಬ್ಬಗಳು ಹಳೆಯ ಉಪ್ಸಾಲಾದಲ್ಲಿವೆ. ಅಲ್ಲಿನ ಪೂರ್ವ ದಿಬ್ಬವನ್ನು 1846–47ರಲ್ಲಿ ಬ್ರೂರ್ ಎಮಿಲ್ ಹಿಲ್ಡೆಬ್ರಾಂಡ್ ಅನ್ನುವ ಪುರಾತತ್ವಜ್ಞರು ಸುರಂಗ ಕೊರೆದು ನೋಡಿದರು. ರಾಜವಂಶದ ದಿಬ್ಬ, ಮನೆಗಿಂತ ಎತ್ತರ. ಸಿಕ್ಕಿದ್ದು ಸುಟ್ಟ ಮೂಳೆ, ಬೆಂಕಿಯಲ್ಲಿ ಬೆಂದ ಚೂರುಪಾರು, ಅದರಲ್ಲಿ ಚಿನ್ನದ ಸಣ್ಣ ಚೂರುಗಳು. ರಾಜರ ದಿಬ್ಬದ ಕಥೆಯೇ ಇಷ್ಟು. ಒಂದು ಸಂಗತಿ ಮಗನಿಗೆ ಖಂಡಿತ ಹೇಳಿ: ಬಿರ್ಕಾ ಅನ್ನುವ ಊರಿನಲ್ಲಿ 1878ರಲ್ಲಿ ಒಂದು ಸಮಾಧಿ ತೆಗೆದರು. ಕತ್ತಿ, ಕೊಡಲಿ, ಬಾಣಗಳು, ಎರಡು ಕುದುರೆ. ವೀರನೇ ಇರಬೇಕು ಅಂತ ಎಲ್ಲರೂ ಬರೆದರು. 2017ರಲ್ಲಿ ಡಿಎನ್‌ಎ ಪರೀಕ್ಷೆ ಪ್ರಕಟವಾದಾಗ ಅದು ಹೆಣ್ಣುಮಗಳ ಮೂಳೆ ಅಂತ ಗೊತ್ತಾಯಿತು. ಮೂಳೆಗಳನ್ನು ಜೋಪಾನವಾಗಿ ಇಟ್ಟಿದ್ದಕ್ಕೆ ತಾನೇ ಅದು ಗೊತ್ತಾದದ್ದು.

ಮೆಟಲ್ ಡಿಟೆಕ್ಟರ್ ಬೇಡವೇ ಬೇಡ. ಸ್ವೀಡನ್ನಿನಲ್ಲಿ ಅದನ್ನು ಬಳಸಲು ಅನುಮತಿ ಬೇಕು. ಇಂಥ ಜಾಗಕ್ಕೆ ಸುಮ್ನೆ ಕೈಯಲ್ಲಿ ಹಿಡಿದುಕೊಂಡು ಹೋದರೂ ತಪ್ಪು. ಸಮಾಧಿಯಲ್ಲಿ ಸಿಕ್ಕ ವಸ್ತು ಸರ್ಕಾರದ್ದು, ಜಮೀನು ನಿಮ್ಮದಾಗಿದ್ದರೂ. ನಮ್ಮೂರುಗಳಲ್ಲಿ ನಿಧಿಗಳ್ಳರು ರಾತ್ರೋರಾತ್ರಿ ಗುಂಡಿ ತೋಡಿ ಎಷ್ಟು ವೀರಗಲ್ಲು ಉರುಳಿಸಿದ್ದಾರೆ, ನೀವೇ ನೋಡಿರುತ್ತೀರಿ. ಅವರು ಹಾಳು ಮಾಡಿದ ಒಂದೊಂದು ಗುಂಡಿಯೂ ನನಗೆ ಹೊಟ್ಟೆ ಉರಿಸುತ್ತದೆ. ಮಗನಿಗೆ ಬದಲಿಗೆ ಅನುಂಡ್ಸ್‌ಹೋಗ್ ತೋರಿಸಿ, ವೆಸ್ಟೆರೋಸ್ ಪಕ್ಕದಲ್ಲೇ ಇದೆ. ಸುಮಾರು 60 ಮೀಟರ್ ಅಗಲ, 9 ಮೀಟರ್ ಎತ್ತರದ ದಿಬ್ಬ. ಅದರ ಬುಡದಲ್ಲಿ ಕಲ್ಲು ನೆಟ್ಟು ಮಾಡಿದ ಎರಡು ದೊಡ್ಡ ಹಡಗುಗಳು, ಒಂದೊಂದೂ 50 ಮೀಟರಿಗಿಂತ ಉದ್ದ. ಪಕ್ಕದಲ್ಲಿ ರೂನ್ ಅನ್ನುವ ಅಲ್ಲಿನ ಹಳೆಯ ಲಿಪಿಯ ಕಲ್ಲೊಂದಿದೆ. ಫೋಲ್ಕ್‌ವಿಡ್ ಅನ್ನುವವನು ಈ ಎಲ್ಲ ಕಲ್ಲುಗಳನ್ನು ತನ್ನ ಮಗ ಹೇಡೆನ್‌ಗಾಗಿ ನಿಲ್ಲಿಸಿದ, ಹೇಡೆನ್ ಅನುಂಡನ ತಮ್ಮನೋ ಅಣ್ಣನೋ, ರೂನ್ ಕೆತ್ತಿದವನು ವ್ರೇಡ್. ಅಷ್ಟೇ ಅದರ ಮಾತು. ಯಾರಿಗಾಗಿ, ಯಾರು ನಿಲ್ಲಿಸಿದರು, ಯಾರು ಕೆತ್ತಿದರು ಅಂತ ನಮ್ಮ ವೀರಗಲ್ಲುಗಳೂ ಹೇಳುತ್ತವಲ್ಲ.

ಹಾಗಂತ ಮೋರೇರ ಬೆಟ್ಟಕ್ಕೂ ಇದಕ್ಕೂ ನಂಟು ಹುಡುಕಬೇಡಿ. ಹಿರೇಬೆಣಕಲ್‌ನ ಕಲ್ಲುಮನೆಗಳು ಇವಕ್ಕಿಂತ ಸಾವಿರ ವರ್ಷಕ್ಕೂ ಜಾಸ್ತಿ ಹಳೆಯವು. ಕಟ್ಟಿದ ರೀತಿಯೇ ಬೇರೆ: ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಒಂದರಲ್ಲಿ ದುಂಡನೆ ಕಿಂಡಿ. ಒಂದೇ ಜನ ಅಲ್ಲಿಂದ ಇಲ್ಲಿಗೆ ಬಂದರು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಸತ್ತವರ ಹೆಸರಲ್ಲಿ ಕಲ್ಲು ನಿಲ್ಲಿಸಬೇಕು ಅಂತ ಅನ್ನಿಸುವುದು ಎಲ್ಲ ಊರಿನ ಮನುಷ್ಯರಿಗೂ ಸಹಜ. ನಮ್ಮ ಕಡೆಯಿಂದ ಸ್ವೀಡನ್ನಿಗೆ ಆ ಕಾಲದಲ್ಲೇ ಹೋದ ವಸ್ತು ಬೇಕು ಅಂದರೆ ಒಂದಿದೆ. ಮೆಲಾರೆನ್‌ನ ಹೆಲ್ಗೋ ದ್ವೀಪದಲ್ಲಿ 1956ರಲ್ಲಿ ಅಂಗೈಯಷ್ಟು ಎತ್ತರದ ಕಂಚಿನ ಬುದ್ಧ ಸಿಕ್ಕಿತು. ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ ಎರಕ ಹೊಯ್ದದ್ದು, ಕೈಯಿಂದ ಕೈಗೆ ದಾಟಿ ಅಲ್ಲಿಗೆ ಮುಟ್ಟಿದೆ. ಈಗ ಸ್ಟಾಕ್‌ಹೋಮ್‌ನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅವ್ವ ಬಂದಾಗ ಕರೆದುಕೊಂಡು ಹೋಗಿ.

ಈಗ ಕಾನೂನು. ಸರ್ಕಾರ ಜಾಗ ಕಿತ್ತುಕೊಳ್ಳುತ್ತದೆ ಅನ್ನುವುದು ಸುಳ್ಳು. ಜಮೀನು ನಿಮ್ಮದೇ. ಮಾರಬಹುದು, ಮಕ್ಕಳಿಗೆ ಕೊಡಬಹುದು. ಮೊಳೆ ಹೊಡೆಯಲೂ ಬಿಡಲ್ಲ ಅನ್ನುವುದೂ ಸುಳ್ಳು. ಮನೆಯ ಒಳಗೆ ನೀವು ಏನು ಮಾಡಿದರೂ ದಿಬ್ಬದ ಕಾನೂನು ಬರುವುದಿಲ್ಲ. ಅದು ಬರುವುದು ನೆಲ ಮುಟ್ಟಿದಾಗ. ಸ್ವೀಡನ್ ಹಳೆಯ ಸ್ಮಾರಕಗಳನ್ನು 1666ರಿಂದಲೇ ಕಾಯುತ್ತಾ ಬಂದ ದೇಶ. ಈಗಿನ ಕಾನೂನಿನ ಪ್ರಕಾರ ಸಮಾಧಿಯನ್ನು ಅಗೆಯುವುದು, ಸರಿಸುವುದು, ಮುಚ್ಚುವುದು, ಅದರ ಮೇಲೆ ಕಟ್ಟುವುದು, ಗಿಡ ನೆಡುವುದು, ಇದ್ಯಾವುದೂ ಅನುಮತಿ ಇಲ್ಲದೆ ಆಗದು. ದಿಬ್ಬ ಮಾತ್ರ ಅಲ್ಲ, ಅದರ ಸುತ್ತಲಿನ ಜಾಗಕ್ಕೂ ಅದೇ ರಕ್ಷಣೆ. ಎಷ್ಟು ಮೀಟರ್? ಇಲ್ಲೇ ಜನ ಎಡವುವುದು. ನಾರ್ವೆಯಲ್ಲಿ ಸುತ್ತ 5 ಮೀಟರ್ ಅಂತ ಲೆಕ್ಕ ಇದೆ. ಡೆನ್ಮಾರ್ಕಿನಲ್ಲಿ 100 ಮೀಟರ್ ಒಳಗೆ ನೆಲದ ರೂಪ ಬದಲಿಸುವಂತಿಲ್ಲ. ಸ್ವೀಡನ್ನಿನಲ್ಲಿ ಅಂಥ ಒಂದೇ ಅಳತೆ ಇಲ್ಲ. ಜಿಲ್ಲಾಡಳಿತ, ಅಂದರೆ ಲೆನ್ಸ್‌ಸ್ಟೀರೆಲ್ಸೆನ್, ಜಾಗ ನೋಡಿ ತೀರ್ಮಾನಿಸುತ್ತದೆ.

ಯಾಕೆ ಹಾಗೆ ಅಂದರೆ, ಕಣ್ಣಿಗೆ ಕಾಣುವ ದಿಬ್ಬ ಕಥೆಯ ಒಂದು ಭಾಗ ಅಷ್ಟೇ. ದಿಬ್ಬಗಳ ನಡುವೆ ಮೇಲೆ ಗುರುತೇ ಇಲ್ಲದ ಸಮಾಧಿಗಳಿರುತ್ತವೆ. ಗುಡ್ಡದ ಬುಡದಲ್ಲಿ ಅದೇ ಮನೆತನದ ಹಳೆಯ ಮನೆಗಳ ಕಂಬದ ಗುಂಡಿಗಳು, ಒಲೆಗಳು ಇರಬಹುದು. ಹಾಗಾಗಿ ನಿಮ್ಮ ಮನೆಗೂ ಗುಡ್ಡಕ್ಕೂ ನಡುವಿನ ಹುಲ್ಲುಹಾಸು ಬರಿ ಹುಲ್ಲುಹಾಸು ಅಂತ ಅಂದುಕೊಳ್ಳಬೇಡಿ.

ಇಲ್ಲಿಗೆ ಸೆಪ್ಟಿಕ್ ಟ್ಯಾಂಕ್ ಬರುತ್ತದೆ. ಹಳ್ಳಿಯ ಮನೆಗಳಲ್ಲಿ ಟ್ಯಾಂಕಿನಿಂದ ಬಂದ ನೀರು ಇಂಗಲು ಜಲ್ಲಿ ಹಾಸಿದ ಜಾಗ ಬೇಕು. ಅದು ಕುಡಿಯುವ ನೀರಿನ ಬಾವಿಯಿಂದ ದೂರ ಇರಬೇಕು. ತಗ್ಗಿನ ಜೇಡಿಮಣ್ಣಿನಲ್ಲಿ ನೀರು ಇಂಗುವುದಿಲ್ಲ. ಚೆನ್ನಾಗಿ ಇಂಗುವುದು ಮರಳು ಜಲ್ಲಿಯ ಗುಡ್ಡದ ಬುಡದಲ್ಲಿ. ಸತ್ತವರನ್ನು ಇಟ್ಟದ್ದೂ ಅಂಥ ನೆಲದಲ್ಲೇ! ನಾನು ನೋಡಿದ ತಕರಾರುಗಳಲ್ಲಿ ಎಷ್ಟೋ ಇದರಿಂದಲೇ ಶುರುವಾದವು. ಒಂದು ಕುಟುಂಬ ಮನೆ ಕೊಂಡು, ಕೊಮ್ಯೂನ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಕೊಳಚೆಗೆ ಅನುಮತಿ ಪಡೆದು, ಎಲ್ಲ ಮುಗಿಯಿತು ಅಂತ ಜೆಸಿಬಿ ತರಿಸಿತು. ಮೊದಲ ದಿನವೇ ಮಸಿ ಮತ್ತು ಮೂಳೆ. ಕೆಲಸ ಅಲ್ಲಿಗೇ ನಿಂತಿತು, ಮುಂದಿನ ಬೇಸಿಗೆವರೆಗೂ. ಕೊಮ್ಯೂನ್‌ನ ಅನುಮತಿ ಬೇರೆ, ಜಿಲ್ಲಾಡಳಿತದ ಅನುಮತಿ ಬೇರೆ. ಒಂದಿದ್ದರೆ ಇನ್ನೊಂದು ಇದ್ದಹಾಗಲ್ಲ. ಕೊಮ್ಯೂನ್ ಕೇಳದೇ ಕಟ್ಟಬಹುದಾದ ಚಿಕ್ಕ ಶೆಡ್ಡಿಗೂ, ಕೇಬಲ್ ಹೂಳುವ ಕಾಲುವೆಗೂ, ಮನೆ ಬಿಸಿ ಮಾಡಲು ಕೊರೆಯುವ ಬೋರ್‌ವೆಲ್ಲಿಗೂ ಇದು ಅನ್ವಯಿಸುತ್ತದೆ. ಅಗೆಯುವ ಮುಂಚೆ ಪುರಾತತ್ವ ಪರಿಶೀಲನೆ ಆಗಬೇಕು ಅಂತ ಬಂದರೆ ಸಾಮಾನ್ಯವಾಗಿ ಖರ್ಚು ಅಗೆಸುವವರದ್ದೇ. ಮೊದಲು ಯಾರಿಗೂ ಗೊತ್ತಿರದ ಸಮಾಧಿ ಸಿಕ್ಕಿದರೆ ವಿನಾಯಿತಿಗೆ ದಾರಿ ಇದೆ. ಆದರೆ ಎದುರಿಗೇ ಹನ್ನೆರಡು ದಿಬ್ಬ ಕಾಣುತ್ತಿರುವಾಗ ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ. ಸ್ವೀಡನ್ನಿನಲ್ಲಿ ಮನೆ ಪರೀಕ್ಷಿಸಿ ನೋಡುವ ಹೊಣೆ ಕೊಳ್ಳುವವರದ್ದು. ಆಮೇಲೆ ಮಾರಿದವರ ಮೇಲೆ ಹೇರುವುದು ಕಷ್ಟ.

ಹಾಗಾದರೆ ಏನು ಮಾಡಬಹುದು? ಮೊದಲು ರಾಷ್ಟ್ರೀಯ ಪರಂಪರೆ ಮಂಡಳಿಯ ಫೋರ್ನ್‌ಸೋಕ್ ನಕ್ಷೆ ತೆಗೆಯಿರಿ. ಉಚಿತ, ಫೋನಿನಲ್ಲೇ ನೋಡಬಹುದು. ನಿಮ್ಮ ಗುಡ್ಡದ ಮೇಲೆ ಒತ್ತಿದರೆ ವಿವರಣೆ, ‘ಎಲ್’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಹಾಕಿ ಜಿಲ್ಲಾಡಳಿತಕ್ಕೆ ಬರೆಯಿರಿ: ಇಂಥ ಕಡೆ ಇಂಗುಗುಂಡಿ, ಇಂಥ ಕಡೆ ಅಡುಗೆಮನೆ ಮಾಡಬೇಕೆಂದಿದ್ದೇವೆ, ನಿಮ್ಮ ಅಭಿಪ್ರಾಯವೇನು? ಉತ್ತರ ಬರಹದಲ್ಲಿ ತಗೊಳ್ಳಿ, ಫೋನಿನ ಮಾತು ಸಾಲದು.

ಆ ಉತ್ತರ ಬರುವ ಮುಂಚೆ ಕೊಳ್ಳಬೇಕಾಗಿ ಬಂದರೆ ಮೂರು ದಾರಿ ಇವೆ. ಒಂದು, ಕರಾರಿನಲ್ಲೇ ಷರತ್ತು ಹಾಕಿಸಬಹುದು: ಕೊಳಚೆ ವ್ಯವಸ್ಥೆಗೆ ದಾರಿ ಸಿಕ್ಕರೆ ಮಾತ್ರ ಖರೀದಿ. ಇದರ ಅಪಾಯ ಏನೆಂದರೆ, ಷರತ್ತಿಲ್ಲದ ಇನ್ನೊಬ್ಬರಿಗೆ ಮಾರುವವರು ಒಲಿಯಬಹುದು. ಸಹಿ ಆಗುವವರೆಗೆ ಇಬ್ಬರ ಮಾತಿಗೂ ಕಟ್ಟುಪಾಡಿಲ್ಲ. ಎರಡನೆಯದು, ಹಿಂದೆ ಅಗೆಯುವುದನ್ನೇ ಬಿಟ್ಟುಬಿಡುವುದು. ಅಡುಗೆಮನೆಯನ್ನು ರಸ್ತೆ ಕಡೆಗೆ ಬೆಳೆಸಿ. ಇಂಗುಗುಂಡಿಯ ಬದಲು ಚಿಕ್ಕ ಶುದ್ಧೀಕರಣ ಘಟಕ, ಇಲ್ಲವೇ ಶೌಚದ ನೀರಿಗೆ ಮುಚ್ಚಿದ ಟ್ಯಾಂಕ್ ಇಟ್ಟು ಲಾರಿಯಿಂದ ತೆಗೆಸುವುದು. ಇದಕ್ಕೆ ವರ್ಷ ವರ್ಷವೂ ಖರ್ಚಿದೆ, ಆದರೆ ಅದು ಮೊದಲೇ ಗೊತ್ತಿರುವ ಖರ್ಚು. ಮೂರನೆಯದು, ಕೊಂಡ ಮೇಲೆ ನೋಡೋಣ ಅನ್ನುವುದು. ಅದನ್ನು ಮಾಡಬೇಡಿ. ಪರಿಶೀಲನೆ ಅಂತ ಶುರುವಾದದ್ದು ಪೂರ್ತಿ ಉತ್ಖನನಕ್ಕೆ ಹೋದರೆ ಖರ್ಚು ಎಲ್ಲಿಗೆ ನಿಲ್ಲುತ್ತದೆ ಅಂತ ಮೊದಲೇ ಹೇಳಲಾಗದು. ಅನುಮತಿಯೇ ಸಿಗದಿರಲೂಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯ ದಾರಿ ಲೆಕ್ಕ ಹಾಕಿ, ಅದು ಕೈಗೆಟುಕುವಂತಿದ್ದರೆ ಮನೆ ತಗೊಳ್ಳುತ್ತಿದ್ದೆ. ದಿಬ್ಬಗಳ ಕಡೆ ಕಿಟಕಿ ಇಡುತ್ತಿದ್ದೆ.

ಅಲ್ಲಿ ಬಾಳುವುದು ಕಷ್ಟವಲ್ಲ. ಹುಲ್ಲು ಕತ್ತರಿಸಿ, ಆಗುವುದಾದರೆ ಅಕ್ಕಪಕ್ಕದವರ ಕುರಿ ಮೇಯಲು ಬಿಡಿ. ದಿಬ್ಬಗಳಿಗೆ ದೊಡ್ಡ ಶತ್ರು ಮೇಲೆ ಬೆಳೆಯುವ ಮರ. ಬಿರುಗಾಳಿಗೆ ಮರ ಬಿದ್ದರೆ ಬೇರಿನ ಜೊತೆ ಸಮಾಧಿಯೂ ಕಿತ್ತು ಬರುತ್ತದೆ. ಮರ ತೆಗೆಯಬೇಕಾದರೆ ಜಿಲ್ಲಾಡಳಿತವನ್ನು ಕೇಳಿ ಕಡಿಸಿ, ಬುಡ ಕೀಳಿಸಬೇಡಿ. ತರಗೆಲೆ, ಕಸ ಅಲ್ಲಿ ಗುಡ್ಡೆ ಹಾಕಬೇಡಿ, ಬೆಂಕಿ ಹಾಕಬೇಡಿ. ನಿಲುಗಲ್ಲು ವಾಲಿದ್ದರೆ ನೀವೇ ನೆಟ್ಟಗೆ ಮಾಡಲು ಹೋಗಬೇಡಿ. ಅವ್ವ ಬಂದಾಗ ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಬೇಕು, ಎಣ್ಣೆ ಹಾಕಬೇಕು ಅಂತ ಅನ್ನಿಸಬಹುದು. ಪ್ರೀತಿಯಿಂದಲೇ ತಡೆಯಿರಿ. ಕಲ್ಲಿನ ಮೇಲೆ ನೂರಾರು ವರ್ಷದಿಂದ ಬೆಳೆದ ಕಲ್ಲುಹೂ ಇರುತ್ತದೆ, ಅದು ಕೆಡುತ್ತದೆ. ಬುಡದ ಹುಲ್ಲಿನ ಮೇಲೆ ಎರಡು ಹೂವಿಟ್ಟು ಕೈ ಮುಗಿಯಲಿ.

ಮನೆಯನ್ನು ಇನ್ನೊಮ್ಮೆ ನೋಡಲು ಹೋಗುತ್ತೀರಲ್ಲ, ಆಗ ಸೂರ್ಯ ಮುಳುಗುವ ಸ್ವಲ್ಪ ಮುಂಚೆ ಹೋಗಿ. ಮಧ್ಯಾಹ್ನದ ಬಿಸಿಲಿಗೆ ಕಾಣದ್ದು ಓರೆ ಬಿಸಿಲಿಗೆ ಕಾಣುತ್ತದೆ. ಒಂದು ಗೇಣು ಎತ್ತರದ ಉಬ್ಬಿಗೂ ನೆರಳು ಬೀಳುತ್ತದೆ. ಮನೆಯಿಂದ ಗುಡ್ಡದ ಕಡೆ ನಿಧಾನವಾಗಿ ನಡೆಯಿರಿ. ಹುಲ್ಲಿನಡಿ ಕಲ್ಲಿನ ಸಾಲು ದುಂಡಗೆ ಕಾಲಿಗೆ ತಗುಲಿದರೆ ಅಲ್ಲಿ ಇನ್ನೊಂದು ಸಮಾಧಿ ಇರಬಹುದು ಅಂತ ಅರ್ಥ. ನೀವು ಹನ್ನೆರಡು ಎಣಿಸಿದ್ದೀರಿ, ಅದಕ್ಕಿಂತ ಜಾಸ್ತಿ ಸಿಕ್ಕಬಹುದು. ಮಗನ ಕೈಗೆ ಕಾಗದ ಪೆನ್ಸಿಲ್ ಕೊಟ್ಟು ಒಂದೊಂದನ್ನೂ ನಕ್ಷೆಯ ಮೇಲೆ ಗುರುತು ಹಾಕಿಸಿ. ಬಾವಿ ಎಲ್ಲಿದೆ, ಹಳೆಯ ಟ್ಯಾಂಕ್ ಎಲ್ಲಿದೆ ಅಂತಲೂ ಬರೆಸಿ. ಜಿಲ್ಲಾಡಳಿತಕ್ಕೆ ಬರೆಯುವ ಪತ್ರದ ಜೊತೆ ಆ ಹಾಳೆಯನ್ನೂ ಕಳಿಸಿ.